ಕರ್ನಲ್ ಕಾಲಿನ್ ಮೆಕೆಂಜಿ: ಮೈಸೂರು ಸೀಮೆಯ ನಕ್ಷೆ ತಯಾರಿಸಿದ ಸರ್ವೆ ಅಧಿಕಾರಿ

ಹದ್ದುಬಸ್ತು, ಪೋಡಿ, ನಕ್ಷೆಯ ನಕಲು ಮುಂತಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಕಚೇರಿಯಲ್ಲಿ ಕಡತ ಎಂಬ ಪದವನ್ನು ಮೇಲಿಂದ ಮೇಲೆ ಕೇಳುತ್ತಾರೆ. ಕಾಗದಗಳನ್ನು ದಾರದಿಂದ ಕಟ್ಟಿದ ಇಂದಿನ ಫೈಲಿಗೆ ಈ ಹೆಸರು ನಂತರ ಬಂದದ್ದು. ಮೂಲತಃ ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಕಪ್ಪಗೆ ಗಟ್ಟಿಯಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಅದರ ಮೇಲೆ ಗ್ರಾಮದ ಶಾನುಭೋಗರು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಊರಿನ ಗಡಿ, ಗದ್ದೆಯ ಬೀಜವರಿ, ಕಂದಾಯ, ಇನಾಮು, ದೇವಸ್ಥಾನದ ಉಂಬಳಿ ಇವೆಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಇಂತಹ ಕಡತಗಳನ್ನು ಊರೂರಿಗೆ ಹೋಗಿ ತೆಗೆಸಿ, ಓದಿಸಿ, ನಕಲು ಮಾಡಿಸಿ, ಅದರ ಜೊತೆಜೊತೆಗೆ ನಾಡಿನ ನಕ್ಷೆಯನ್ನೂ ತಯಾರಿಸಿದ ಅಧಿಕಾರಿ ಕರ್ನಲ್ ಕಾಲಿನ್ ಮೆಕೆಂಜಿಯವರು. ಅವರ ಜೀವನದ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಮೊದಲ ಉದ್ಯೋಗ

ಮೆಕೆಂಜಿಯವರು 1754ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ತಂದೆ ಅಲ್ಲಿನ ವರ್ತಕರು. ಮೆಕೆಂಜಿಯವರು ಮೊದಲು ಅದೇ ಪಟ್ಟಣದ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿದ್ದರು. ಹಡಗುಗಳಲ್ಲಿ ಬಂದ ಸರಕನ್ನು ಪರಿಶೀಲಿಸುವುದು, ಲೆಕ್ಕ ಬರೆಯುವುದು, ಸುಂಕ ವಸೂಲಿನ ಪುಸ್ತಕವನ್ನು ತಾಳೆ ನೋಡುವುದು, ಇವು ಅಂತಹ ಕಚೇರಿಯ ಕೆಲಸಗಳು. ಸಣ್ಣ ಪಟ್ಟಣವೊಂದರ ಗುಮಾಸ್ತಿಕೆಯಲ್ಲಿ ಬೆಳೆದ ಈ ಅಭ್ಯಾಸವೇ ಮುಂದೆ ಅವರ ಸರ್ವೆಯ ವೈಶಿಷ್ಟ್ಯಕ್ಕೆ ಕಾರಣವಾಯಿತೆಂದು ಊಹಿಸಿದರೆ ತಪ್ಪಾಗಲಾರದು. ಆ ಕಾಲದ ಸೈನ್ಯದ ಎಂಜಿನಿಯರುಗಳಲ್ಲಿ ಕೋಟೆ, ರಸ್ತೆಗಳನ್ನು ಅಳೆಯಬಲ್ಲವರು ಅನೇಕರಿದ್ದರು. ದಾಖಲೆಗಳ ಬಗ್ಗೆ ಇವರಷ್ಟು ಆಸ್ಥೆ ಇದ್ದವರು ವಿರಳ.

ಗಣಿತದಲ್ಲಿ ಅವರಿಗೆ ವಿಶೇಷ ಆಸಕ್ತಿ ಇತ್ತು. ಲಾಗರಿದಮ್ ಗಣಿತ ಪದ್ಧತಿಯನ್ನು ಕಂಡುಹಿಡಿದ ಜಾನ್ ನೇಪಿಯರ್ ಅವರ ವಂಶಸ್ಥರಾದ ನೇಪಿಯರ್ ಪ್ರಭುಗಳು, ತಮ್ಮ ಪೂರ್ವಜರ ಚರಿತ್ರೆ ಬರೆಯುವ ಸಲುವಾಗಿ ಹಿಂದೂ ಗಣಿತದ ಬಗ್ಗೆ ಮಾಹಿತಿ ಅರಸುತ್ತಿದ್ದರು. ಅವರ ಸಂಪರ್ಕದಿಂದ ಮೆಕೆಂಜಿಯವರಿಗೆ ಭಾರತದ ಕಡೆ ಮನಸ್ಸು ಹೊರಳಿತು. ಸುಂಕದ ಕೆಲಸ ಬಿಟ್ಟು 1783ರಲ್ಲಿ ಮದ್ರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದರು. ಆಗ ಅವರ ವಯಸ್ಸು ಮೂವತ್ತರ ಹತ್ತಿರ. ಹದಿಹರೆಯದ ಹುಡುಗರು ಸೇರುವ ಕೆಡೆಟ್ ಹುದ್ದೆಗೆ ಅದು ತಡವಾದ ವಯಸ್ಸು. ಆ ನಂತರ ಅವರು ಮರಳಿ ತಾಯ್ನಾಡನ್ನು ಕಾಣಲಿಲ್ಲ.

ಯುದ್ಧದ ವರ್ಷಗಳು

ಮೆಕೆಂಜಿಯವರು 1786ರಲ್ಲಿ ಎಂಜಿನಿಯರ್ ವಿಭಾಗಕ್ಕೆ ವರ್ಗವಾದರು. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಸೈನ್ಯದ ಜೊತೆಗಿದ್ದರು. ಯುದ್ಧದ ನಂತರ ಹೈದರಾಬಾದಿನ ನಿಜಾಮರ ಸೀಮೆಯಲ್ಲಿ ಸರ್ವೆ ಕೆಲಸಕ್ಕೆ ನೇಮಕಗೊಂಡರು. ನಡುನಡುವೆ ಪಾಂಡಿಚೇರಿ ಮತ್ತು ಸಿಂಹಳದ ಯುದ್ಧಗಳಿಗೂ ಹೋಗಿಬಂದರು. 1799ರಲ್ಲಿ ಶ್ರೀರಂಗಪಟ್ಟಣದ ಕೊನೆಯ ಮುತ್ತಿಗೆಯ ಕಾಲಕ್ಕೆ ನಿಜಾಮರ ಪಡೆಯ ಎಂಜಿನಿಯರ್ ಅವರೇ. ಕೋಟೆಯ ಗೋಡೆ ಒಡೆಯಲು ತೋಪುಗಳನ್ನು ಇರಿಸುವ ದಿಬ್ಬಗಳ ಕೆಲಸದಲ್ಲಿ ಅವರ ಪಾತ್ರವಿತ್ತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನರು ಹತರಾದರು.

ಇದನ್ನು ಮರೆಮಾಚುವ ಅಗತ್ಯವಿಲ್ಲ. ಕರ್ನಾಟಕದ ಚರಿತ್ರೆಯ ಸಾಮಗ್ರಿಯನ್ನು ಉಳಿಸಿದ ವ್ಯಕ್ತಿ ಈ ನಾಡಿಗೆ ಮೊದಲು ಬಂದದ್ದು ಗೆಲ್ಲಲು ಬಂದ ಸೈನ್ಯದೊಂದಿಗೆ. ಸರ್ವೆಗೆ ಆದೇಶವಾದದ್ದೂ ಗೆದ್ದ ನಾಡನ್ನು ಹಂಚಿಕೊಳ್ಳುವ ಹಾಗೂ ಆಳುವ ಅನುಕೂಲಕ್ಕಾಗಿಯೇ.

ಮೈಸೂರು ಸರ್ವೆ

ಟಿಪ್ಪುವಿನ ರಾಜ್ಯವನ್ನು 1799ರಲ್ಲಿ ಕಂಪನಿ, ನಿಜಾಮರು ಮತ್ತು ಪುನಃ ಸ್ಥಾಪಿತವಾದ ಮೈಸೂರು ಅರಸು ಮನೆತನದ ನಡುವೆ ವಿಭಜಿಸಲಾಯಿತು. ಯಾವ ಊರು ಯಾರಿಗೆ ಸೇರಿದ್ದು ಎಂಬುದನ್ನು ಕಾಗದದ ಮೇಲೆ ಬರೆಯುವುದು ಸುಲಭವಾಗಿತ್ತು. ನೆಲದ ಮೇಲೆ ತೋರಿಸಲು ನಂಬಲರ್ಹವಾದ ನಕ್ಷೆ ಇರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿಯವರು ಈ ಕಾರ್ಯಕ್ಕೆ ಮೆಕೆಂಜಿಯವರನ್ನು ನೇಮಿಸಿದರು. ಸುಮಾರು 40,000 ಚದರ ಮೈಲಿ, ಅಂದರೆ ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶ. 1800ರಿಂದ 1808ರವರೆಗೆ ಕೆಲಸ ನಡೆಯಿತು.

ವಿಧಾನ ಹೀಗಿತ್ತು. ಸಮತಟ್ಟಾದ ಸ್ಥಳವೊಂದರಲ್ಲಿ ಆಧಾರರೇಖೆಯನ್ನು ಎಚ್ಚರಿಕೆಯಿಂದ ಅಳೆಯಲಾಗುತ್ತಿತ್ತು. ಬಳಿಕ ಎತ್ತರದ ಗುಡ್ಡಗಳ ಮೇಲೆ ಗುರುತು ನೆಟ್ಟು, ರೇಖೆಯ ಎರಡೂ ತುದಿಗಳಿಂದ ಥಿಯೊಡೊಲೈಟ್ ಯಂತ್ರದ ಸಹಾಯದಿಂದ ಆ ಗುರುತುಗಳ ಕೋನ ನೋಡಲಾಗುತ್ತಿತ್ತು. ಒಂದು ಬದಿಯ ಉದ್ದ ಮತ್ತು ಕೋನಗಳು ತಿಳಿದರೆ ತ್ರಿಕೋನದ ಉಳಿದ ಬದಿಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹೀಗೆ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಹೋದಂತೆ ನಾಡಿನ ಮೇಲೆ ಒಂದು ಬಲೆ ಹರಡಿದಂತಾಗುತ್ತಿತ್ತು. ಬಲೆಯ ಕಣ್ಣುಗಳ ಒಳಗೆ ಊರು, ಕೆರೆ, ಹಳ್ಳ, ದಾರಿ, ಘಾಟಿ, ಕೋಟೆಗಳನ್ನು ಸಹಾಯಕ ಸರ್ವೇಯರುಗಳು ಸ್ಥಳದಲ್ಲಿಯೇ ನಿಂತು ತುಂಬುತ್ತಿದ್ದರು. ಇದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಅವರೂ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, ಮುಂದೆ ಮಹಾ ತ್ರಿಕೋನಮಿತೀಯ ಸರ್ವೆ ಎಂದು ಪ್ರಸಿದ್ಧವಾದ ಕಾರ್ಯಕ್ಕೆ ತೊಡಗಿದ್ದರು. ಲ್ಯಾಂಬ್ಟನ್ ಅವರದು ಭೂಮಿಯ ಆಕಾರವನ್ನೇ ಅರಿಯುವ ಸೂಕ್ಷ್ಮ ಅಳತೆ. ಮೆಕೆಂಜಿಯವರದು ಊರು ಊರನ್ನೂ ಗುರುತಿಸುವ ಸ್ಥಳವಿವರಣೆಯ ಸರ್ವೆ. ಇವೆರಡೂ ಒಂದೇ ಎಂದು ಅನೇಕರು ತಪ್ಪು ತಿಳಿಯುವುದುಂಟು.

ಕೆಲಸದ ಭಾರ ಹೊತ್ತವರಲ್ಲಿ ಹಿಂದೆ ಬಾರಾಮಹಲ್ ಸರ್ವೆ ಮಾಡಿದ್ದ ಜಾನ್ ಮೇದರ್ ಪ್ರಮುಖರು. ಉಳಿದ ಸಹಾಯಕರಲ್ಲಿ ಹೆಚ್ಚಿನವರು ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು, ಅನಾಥಾಲಯದಿಂದ ಬಂದವರು. ಅವರ ಸಂಬಳ ಅತ್ಯಲ್ಪ. ಕಾಡಿನ ಸೀಮೆಗಳಲ್ಲಿ ಚಳಿಜ್ವರ ತಂಡವನ್ನು ಕಾಡಿತು. ಮೇದರ್ ಅವರು ಅನಾರೋಗ್ಯದಿಂದ 1806ರಲ್ಲಿ ಕೆಲಸ ಬಿಡಬೇಕಾಯಿತು. ಮೆಕೆಂಜಿಯವರೂ ಜ್ವರದಿಂದ ಬಳಲಿದರು. ಇದರ ಮೇಲೆ, ಸರ್ವೆ ಆರಂಭವಾದ ಕೆಲವೇ ಕಾಲದಲ್ಲಿ ಲಂಡನ್ನಿನ ನಿರ್ದೇಶಕರು ವೆಚ್ಚ ಹೆಚ್ಚಾಯಿತೆಂದು ಭತ್ಯೆ ಮತ್ತು ಸಿಬ್ಬಂದಿಯನ್ನು ಕಡಿತಗೊಳಿಸಲು ಆದೇಶಿಸಿದರು. ಮೆಕೆಂಜಿಯವರು ಪತ್ರದ ಮೇಲೆ ಪತ್ರ ಬರೆದು ಆಕ್ಷೇಪಿಸಿದರು, ಆದರೆ ಕೆಲಸ ನಿಲ್ಲಿಸಲಿಲ್ಲ. ಅದೇ ನಿರ್ದೇಶಕರು 1810ರಲ್ಲಿ ಸರ್ವೆಯ ಫಲವನ್ನು ಕಂಡು ಪ್ರಶಂಸೆ ಕಳುಹಿಸಿದರು. ಮೈಸೂರು ಸೀಮೆಯ ಸಾಮಾನ್ಯ ನಕ್ಷೆ, ಪ್ರಾಂತವಾರು ನಕ್ಷೆಗಳು ಮತ್ತು ಏಳು ದೊಡ್ಡ ಸಂಪುಟಗಳಷ್ಟು ವಿವರಣೆ ಸಿದ್ಧವಾಗಿದ್ದವು.

ಹಂಪಿಯ ಪಾಳುನಗರದ ಮೊದಲ ಸರ್ವೆ ನಕ್ಷೆಯೂ ಮೆಕೆಂಜಿಯವರದೇ. 1799-1800ರ ಸುಮಾರಿನಲ್ಲಿ ಅಲ್ಲಿಗೆ ಹೋಗಿದ್ದಾಗ ಅದನ್ನು ತಯಾರಿಸಲಾಯಿತು. ವಿಜಯನಗರದ ಚರಿತ್ರೆಯನ್ನು ಕುರಿತ ಆಧುನಿಕ ಅಧ್ಯಯನಕ್ಕೆ ಅದು ಮೊದಲ ಹೆಜ್ಜೆಯೆಂದು ಪರಿಗಣಿತವಾಗಿದೆ.

ಕೈಫಿಯತ್ತುಗಳು ಮತ್ತು ಅವುಗಳನ್ನು ಬರೆದವರು

ನಕ್ಷೆಯಲ್ಲಿ ಊರಿನ ಹೆಸರು ಬರೆದರೆ ಕೆಲಸ ಮುಗಿಯಿತೆಂದು ಮೆಕೆಂಜಿಯವರು ಭಾವಿಸಲಿಲ್ಲ. ಆ ಊರು ಯಾರ ಕಾಲದ್ದು, ಯಾವ ಪಾಳೆಯಗಾರರು ಆಳಿದರು, ದೇವಸ್ಥಾನಕ್ಕೆ ಯಾರು ಉಂಬಳಿ ಬಿಟ್ಟರು, ಕಂದಾಯದ ಕ್ರಮ ಹೇಗಿತ್ತು, ಯಾವ ಜನರಿದ್ದಾರೆ, ಏನು ಬೆಳೆಯುತ್ತಾರೆ ಎಂಬುದೂ ಬೇಕಿತ್ತು. ಇದಕ್ಕಾಗಿ ತಮ್ಮ ಸಹಾಯಕರಿಗೆ ಪ್ರಶ್ನೆಗಳ ಪಟ್ಟಿ ಕೊಟ್ಟು ಕಳುಹಿಸುತ್ತಿದ್ದರು. ಊರಿನ ಶಾನುಭೋಗರು, ಗೌಡರು, ಮಠದವರು, ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆಯೇ ಕೈಫಿಯತ್ತು. ಅರಬ್ಬೀ ಮೂಲದಿಂದ ಪರ್ಷಿಯನ್ ಮೂಲಕ ಕನ್ನಡಕ್ಕೆ ಬಂದ ಈ ಪದಕ್ಕೆ ಸಂಗತಿಯ ವಿವರ ಎಂದು ಅರ್ಥ.

ಇಲ್ಲೊಂದು ಸಂಗತಿ ಗಮನಾರ್ಹ. ಮೂವತ್ತೆಂಟು ವರ್ಷ ಸೇವೆ ಮಾಡಿದರೂ ಮೆಕೆಂಜಿಯವರಿಗೆ ದೇಶಭಾಷೆಗಳ ಪ್ರಭುತ್ವ ಇರಲಿಲ್ಲ. ಸಂಸ್ಕೃತವನ್ನಾಗಲಿ, ಕನ್ನಡವನ್ನಾಗಲಿ ತಾವೇ ಓದಲಾರರು. ಅದನ್ನು ಅವರು ಮುಚ್ಚಿಡಲೂ ಇಲ್ಲ. 1817ರಲ್ಲಿ ಮಿತ್ರರಾದ ಅಲೆಗ್ಸಾಂಡರ್ ಜಾನ್‌ಸ್ಟನ್ ಅವರಿಗೆ ಬರೆದ ಪತ್ರದಲ್ಲಿ, ಭಾರತೀಯ ವಿದ್ಯೆಯ ಬಾಗಿಲು ತಮಗೆ ತೆರೆದದ್ದು ಕಾವಲಿ ವೆಂಕಟ ಬೋರಯ್ಯನವರಿಂದ ಎಂದು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ.

ಬೋರಯ್ಯನವರು ತೆಲುಗು ಬ್ರಾಹ್ಮಣ ಕುಟುಂಬದವರು, ಏಲೂರಿನ ಕಡೆಯವರು. 1796ರ ಸುಮಾರಿಗೆ ಮೆಕೆಂಜಿಯವರ ಬಳಿ ದುಭಾಷಿಯಾಗಿ ಸೇರಿದಾಗ ಇನ್ನೂ ತರುಣರು. ಮೈಸೂರು ಸೀಮೆಯಲ್ಲಿ ತಿರುಗುವಾಗ ಹಳಗನ್ನಡ ಲಿಪಿಯ ಶಾಸನಗಳನ್ನು ಓದುವ ದಾರಿಯನ್ನು ಅವರು ಕಂಡುಕೊಂಡರು. ಆ ಕಾಲಕ್ಕೆ ಅದು ಸಾಮಾನ್ಯ ಸಾಧನೆಯಲ್ಲ, ಊರಿನ ಪಂಡಿತರಲ್ಲಿಯೂ ಕಲ್ಲಿನ ಮೇಲಿನ ಹಳೆಯ ಅಕ್ಷರ ಓದಬಲ್ಲವರು ಕಡಿಮೆ. ಆದರೆ 1803ರಲ್ಲಿ ಮೂವತ್ತು ತುಂಬುವ ಮೊದಲೇ ಬೋರಯ್ಯನವರು ತೀರಿಕೊಂಡರು. ಸರ್ವೆ ಆಗಿನ್ನೂ ಅರ್ಧವೂ ಮುಗಿದಿರಲಿಲ್ಲ. ಮೆಕೆಂಜಿಯವರಿಗೆ ಸಂಬಳ ಕಡಿತದಿಂದ ಆದ ನಷ್ಟಕ್ಕಿಂತ ಇದು ದೊಡ್ಡ ನಷ್ಟ. ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ ಕೆಲಸವನ್ನು ಮುಂದುವರಿಸಿದರು. ಲಕ್ಷ್ಮಯ್ಯನವರು ಕೊನೆಯವರೆಗೂ ಸಂಗ್ರಹದ ಮುಖ್ಯಸ್ಥರಾಗಿದ್ದರು.

ಈಗಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಈ ತಂಡ ಸೇರಿದ್ದರಿಂದ ಹಳಗನ್ನಡ ಶಾಸನಗಳ ಓದು ಮತ್ತೆ ಸುಗಮವಾಯಿತು. ಜೈನರ ಆಚಾರ ವಿಚಾರಗಳನ್ನು ಕುರಿತು ಮೆಕೆಂಜಿಯವರ ಹೆಸರಿನಲ್ಲಿ ಏಷಿಯಾಟಿಕ್ ಸೊಸೈಟಿಯ ಸಂಶೋಧನಾ ಸಂಪುಟದಲ್ಲಿ ಪ್ರಕಟವಾದ ಬರಹಕ್ಕೆ ಇಂತಹ ಪಂಡಿತರ ಮಾಹಿತಿಯೇ ಆಧಾರ. ರಾಜಾವಳಿ ಕಥೆಯ ಕರ್ತೃ ದೇವಚಂದ್ರ ಕವಿಯೂ ಮಲೆಯೂರಿನವರು. ಮೆಕೆಂಜಿಯವರ ತಂಡದ ವಿಚಾರಣೆ ಆ ಕೃತಿಗೆ ಪ್ರೇರಣೆಯಾಯಿತೆಂದು ಸಾಹಿತ್ಯ ಚರಿತ್ರಕಾರರು ಅಭಿಪ್ರಾಯಪಡುತ್ತಾರೆ.

ಊರಿಗೆ ಬಂದು ಕಡತ ಕೇಳುವವರನ್ನು ಜನರು ಎಲ್ಲೆಡೆಯೂ ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಹೊಸ ಕಂದಾಯ ಹಾಕಲು, ಇನಾಮು ಕಿತ್ತುಕೊಳ್ಳಲು ಇದು ಪೂರ್ವಸಿದ್ಧತೆ ಎಂಬ ಅನುಮಾನ ಸಹಜವಾಗಿತ್ತು. ದಾಖಲೆ ಕೊಡದೆ ದಿನ ತಳ್ಳಿದ ಪ್ರಸಂಗಗಳನ್ನು ಸಹಾಯಕರು ತಮ್ಮ ವರದಿಗಳಲ್ಲಿ ಬರೆದಿದ್ದಾರೆ. ಇತ್ತ ಕೆಲವು ಶಾನುಭೋಗರು, ಮಠಾಧಿಪತಿಗಳು ತಮ್ಮ ಹಕ್ಕು ದಾಖಲಾಗಲೆಂದೇ ತಾಮ್ರಶಾಸನ, ಸನದುಗಳನ್ನು ತಾವಾಗಿ ತಂದು ತೋರಿಸಿದ್ದೂ ಉಂಟು. ಆದ್ದರಿಂದ ಕೈಫಿಯತ್ತುಗಳನ್ನು ಓದುವವರು ಹೇಳಿದವರ ಉದ್ದೇಶವನ್ನೂ ಗಮನದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಕನ್ನಡ ಜಿಲ್ಲೆ ಮತ್ತು ಸೋಂದೆ ಸೀಮೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನಾಗರಿಕರಿಗೆ ಈ ಚರಿತ್ರೆಯಲ್ಲಿ ಒಂದು ಪ್ರತ್ಯೇಕ ಎಳೆ ಇದೆ. ಸೋಂದೆ ಅರಸರ ಸೀಮೆಯನ್ನು ಹೈದರ್ ಅಲಿಯು ವಶಪಡಿಸಿಕೊಂಡ ನಂತರ ಘಟ್ಟದ ಮೇಲಿನ ಈ ಭಾಗವೂ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. 1799ರ ವಿಭಜನೆಯಲ್ಲಿ ಅದು ಮೈಸೂರಿನ ಅರಸರಿಗೆ ಬಾರದೆ, ಕರಾವಳಿಯ ಕನ್ನಡ ಜಿಲ್ಲೆಯೊಡನೆ ಕಂಪನಿಯ ನೇರ ಆಡಳಿತಕ್ಕೆ ಸೇರಿತು. ಹಾಗಾಗಿ ಭೈರುಂಬೆ, ಹುಲೇಕಲ್, ಸೋಂದೆ ಕಡೆಯ ಊರುಗಳು ಮೆಕೆಂಜಿಯವರ ಮೈಸೂರು ಸೀಮೆಯ ಗಡಿರೇಖೆಯ ಆಚೆಗೆ ಉಳಿದವು.

ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಅವರು 1800ರಲ್ಲಿ ಸಲ್ಲಿಸಿದ ವರದಿಗಳಲ್ಲಿ ಇಲ್ಲಿನ ಶಾನುಭೋಗರ ಕಪ್ಪು ಪುಸ್ತಕಗಳ, ಅಂದರೆ ಕಡತಗಳ, ಪ್ರಸ್ತಾಪ ಬರುತ್ತದೆ. ಹಿಂದಿನ ಅರಸರ ಕಾಲದ ಕಂದಾಯದ ಪ್ರಮಾಣವನ್ನು ಅವುಗಳ ಆಧಾರದಿಂದ ತಿಳಿಯಲು, ಜಮೀನು ಇಲ್ಲಿ ಒಕ್ಕಲಿನವರ ಸ್ವಂತ ಆಸ್ತಿಯಾಗಿ ನಡೆದುಬಂದಿದೆ ಎಂದು ಅರಿಯಲು ಸಾಧ್ಯವಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಅವರು ಬನವಾಸಿ, ಸೋಂದೆ, ಶಿರಸಿಗಳ ಮೂಲಕ ಹಾದುಹೋಗಿ ಅಡಕೆ ತೋಟಗಳ ವಿವರ ಬರೆದರು. ಮೆಕೆಂಜಿಯವರು ಮದ್ರಾಸಿನ ಸರ್ವೇಯರ್ ಜನರಲ್ ಆದ ಮೇಲೆ ಲೆಫ್ಟಿನೆಂಟ್ ಗಾರ್ಲಿಂಗ್ ಅವರು ಗೋವಾ ಮತ್ತು ಸೋಂದೆ ಸೀಮೆಗಳ ಸರ್ವೆ ಕೈಗೊಂಡರು. ಹೀಗೆ ಮೊದಲ ನಕ್ಷೆಯಿಂದ ಹೊರಗುಳಿದ ಭಾಗವೂ ಅವರದೇ ಮೇಲುಸ್ತುವಾರಿಯಲ್ಲಿ ಅಳತೆಗೆ ಬಂತು.

ಈ ಯಾವ ನಕ್ಷೆಯಲ್ಲಿಯೂ ಸರ್ವೆ ನಂಬರು ಇಲ್ಲವೆಂಬುದನ್ನು ಅರ್ಜಿದಾರರು ಗಮನಿಸಬೇಕು. ಜಮೀನುಗಳನ್ನು ಒಂದೊಂದಾಗಿ ಅಳೆದು ನಂಬರು ಕೊಟ್ಟ ಕಂದಾಯ ಸರ್ವೆ ನಂತರದ ಕಾಲದ್ದು. ಮೈಸೂರು ಸಂಸ್ಥಾನದಲ್ಲಿ ಅದು 1863ರಲ್ಲಿ ಆರಂಭವಾಯಿತು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಇಲ್ಲಿ ಮುಂಬಯಿ ಪದ್ಧತಿಯ ಸರ್ವೆ ಬಂದಿತು. 33 ಅಡಿಯ ಸರಪಳಿ, ಸರಪಳಿಗೆ 16 ಆಣೆ, 33 ಅಡಿ ಉದ್ದ 33 ಅಡಿ ಅಗಲಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಅಲ್ಲಿಂದ ಬಂದದ್ದು. ಹದ್ದಿನ ತಕರಾರಿಗೆ ಆಧಾರವಾಗುವುದು ಆ ಸರ್ವೆಯ ಟಿಪ್ಪಣಿ ಮತ್ತು ಆಕಾರಬಂದ್‌ಗಳೇ ಹೊರತು ಮೆಕೆಂಜಿಯವರ ನಕ್ಷೆಯಲ್ಲ.

ಕೊನೆಯ ವರ್ಷಗಳು

ಮೆಕೆಂಜಿಯವರು 1810ರಲ್ಲಿ ಮದ್ರಾಸಿನ ಸರ್ವೇಯರ್ ಜನರಲ್ ಹುದ್ದೆಗೆ ನೇಮಕಗೊಂಡರು. ಮರುವರ್ಷ ಜಾವಾ ದ್ವೀಪದ ದಂಡಯಾತ್ರೆಗೆ ಹೋಗಬೇಕಾಯಿತು. ಅಲ್ಲಿನ ಪ್ರಾಂಬನಾನ್ ದೇವಾಲಯಗಳ ಅವಶೇಷಗಳನ್ನು ಪರಿಶೀಲಿಸಿದರು, ಭೂಮಿಯ ಹಕ್ಕುಗಳ ವಿಚಾರಣೆ ನಡೆಸಿದರು. 1812ರಲ್ಲಿ ಪೆಟ್ರೊನೆಲ್ಲಾ ಯಾಕೊಮಿನಾ ಬಾರ್ಟೆಲ್ಸ್ ಎಂಬ ಡಚ್ ಮೂಲದ ಕನ್ಯೆಯನ್ನು ಅಲ್ಲಿಯೇ ವಿವಾಹವಾದರು. 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಹುದ್ದೆ ಸೃಷ್ಟಿಯಾದಾಗ ಅದಕ್ಕೆ ನೇಮಕಗೊಂಡ ಮೊದಲಿಗರು ಅವರೇ. ಮದ್ರಾಸನ್ನು ಬಿಡಲು ಮನಸ್ಸಿಲ್ಲದೆ ಎರಡು ವರ್ಷ ಅಲ್ಲಿಯೇ ಇದ್ದು, ಅಮರಾವತಿಯ ಸ್ತೂಪದ ಶಿಲ್ಪಗಳ ಚಿತ್ರಗಳನ್ನು ಬರೆಸಿ, 1817ರಲ್ಲಿ ಕಲ್ಕತ್ತೆಗೆ ತೆರಳಿದರು. ಸಂಗ್ರಹವೂ, ಲಕ್ಷ್ಮಯ್ಯ ಮತ್ತಿತರ ಸಹಾಯಕರೂ ಜೊತೆಗೆ ಹೋದರು.

ಸಂಗ್ರಹವನ್ನು ವಿಂಗಡಿಸಿ ಪಟ್ಟಿ ಮಾಡಿ ಪ್ರಕಟಿಸಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಕಚೇರಿಯ ಕೆಲಸ ಮತ್ತು ಅನಾರೋಗ್ಯಗಳ ನಡುವೆ ಅದು ಕೈಗೂಡಲಿಲ್ಲ. 1821ರ ಮೇ 8ರಂದು ನಿಧನರಾದರು. ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಪತ್ನಿಯಿಂದ ಸಂಗ್ರಹವನ್ನು ಸರ್ಕಾರವು ಒಂದು ಲಕ್ಷ ರೂಪಾಯಿಗೆ ಖರೀದಿಸಿತು. ಎಚ್. ಎಚ್. ವಿಲ್ಸನ್ ಅವರು 1828ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ 1,568 ಗ್ರಂಥಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು ಮತ್ತು 6,218 ನಾಣ್ಯಗಳಿದ್ದವು. ಇದರಲ್ಲಿ ಬಹುಪಾಲಿಗೆ ಮೆಕೆಂಜಿಯವರು ಸ್ವಂತ ಹಣ ವೆಚ್ಚ ಮಾಡಿದ್ದರು. ನಂತರ ಸಂಗ್ರಹವು ಲಂಡನ್, ಕಲ್ಕತ್ತೆ, ಮದ್ರಾಸುಗಳಿಗೆ ಹಂಚಿಹೋಯಿತು. ದೇಶಭಾಷೆಗಳ ಕೈಫಿಯತ್ತುಗಳು ಮದ್ರಾಸಿಗೆ ಬಂದವು. ಅವು ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಉಳಿದ ಕೆಲಸವನ್ನು ತಾವು ಪೂರೈಸುವುದಾಗಿ ಲಕ್ಷ್ಮಯ್ಯನವರು 1830ರ ದಶಕದಲ್ಲಿ ಮನವಿ ಸಲ್ಲಿಸಿದರು. ಸಂಗ್ರಹದ ಪ್ರತಿಯೊಂದು ಹಾಳೆಯನ್ನೂ ಬಲ್ಲವರು ಅವರೊಬ್ಬರೇ ಆಗಿದ್ದರು. ಆದರೂ, ದೇಶೀಯ ಪಂಡಿತರಿಗೆ ಇಂತಹ ವಿಮರ್ಶಾತ್ಮಕ ಕೆಲಸ ಸಾಧ್ಯವಾಗದೆಂಬ ಅಭಿಪ್ರಾಯದ ಮೇಲೆ ಆ ಮನವಿಯನ್ನು ತಿರಸ್ಕರಿಸಲಾಯಿತು. ಈ ತೀರ್ಮಾನ ಅನ್ಯಾಯವಾಗಿತ್ತೆಂದು ಇಂದು ಹೇಳಲು ಯಾವ ಸಂಕೋಚವೂ ಬೇಕಿಲ್ಲ. ಕನ್ನಡ ಕೈಫಿಯತ್ತುಗಳು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪುಸ್ತಕ ರೂಪದಲ್ಲಿ ಪ್ರಕಟವಾದವು.

ಮೆಕೆಂಜಿಯವರ ತೈಲಚಿತ್ರವೊಂದನ್ನು 1816ರಲ್ಲಿ ಮದ್ರಾಸಿನಲ್ಲಿ ಥಾಮಸ್ ಹಿಕಿ ಎಂಬ ಕಲಾವಿದರು ಬರೆದಿದ್ದಾರೆ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರದ ಮೆಕೆಂಜಿಯವರು ನಡುವೆ ನಿಂತಿದ್ದಾರೆ. ಹಿನ್ನೆಲೆಯ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟಮೂರ್ತಿ ಕಾಣುತ್ತದೆ. ಅಧಿಕಾರಿಗಳ ಚಿತ್ರಗಳಲ್ಲಿ ಆ ಕಾಲಕ್ಕೆ ಅಪರೂಪವೆನ್ನುವಂತೆ ಮೂವರು ಭಾರತೀಯ ಸಹಾಯಕರೂ ಅವರ ಪಕ್ಕದಲ್ಲಿದ್ದಾರೆ. ಒಬ್ಬರ ಕೈಯಲ್ಲಿ ತಾಳೆಗರಿಯ ಗ್ರಂಥವಿದೆ. ಇನ್ನೊಬ್ಬರು ಸರ್ವೆ ಜವಾನ ಕಿಸ್ನಾಜಿ, ದೂರದರ್ಶಕ ಹಿಡಿದು ನಿಂತಿದ್ದಾರೆ.